ಇಪಿಒ ಫೋಮ್ ಟ್ರೇನರ್ ವಿಮಾನ: ಬಿದ್ದ ಮೇಲೆ ಬರೆದ ವಿಮರ್ಶೆ

ರೇಟಿಂಗ್: 5ರಲ್ಲಿ 4. ಕಡಿಮೆ ಮಾಡಿದ ಒಂದು ನಕ್ಷತ್ರ ಪೂರ್ತಿ ಸರ್ವೋಗಳ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಸಣ್ಣ ಮೋಟರುಗಳ) ಲೆಕ್ಕಕ್ಕೆ.

ನನ್ನ ಹತ್ತಿರ ಇರುವುದು 1400 ಮಿ.ಮೀ. ರೆಕ್ಕೆಯ, ಮೋಟರು ರೆಕ್ಕೆಯ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತಿರುವ ರಿಮೋಟ್ ಕಂಟ್ರೋಲ್ ಟ್ರೇನರ್, ಅಂದರೆ ಹಾರಿಸಲು ಕಲಿಯುವವರ ವಿಮಾನ. ಮೈಯೆಲ್ಲ ಇಪಿಒ, ಥರ್ಮೋಕೋಲಿನ ಹಾಗೆ ಕಾಳುಕಾಳಾದ ಫೋಮ್. ಬ್ಯಾಟರಿ ಸೇರಿ 800 ಗ್ರಾಂ ಆಸುಪಾಸು, ಬ್ಯಾಟರಿ 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಲಿಪೊ, ಅಂದರೆ ಲಿಥಿಯಂ ಪಾಲಿಮರ್. ಇದೇ ಆಕಾರದ ವಿಮಾನವನ್ನು ಹಲವು ಕಂಪನಿಗಳು ಬೇರೆ ಬೇರೆ ಸ್ಟಿಕ್ಕರ್ ಹಚ್ಚಿ ಮಾರುತ್ತವೆ, ಹಾಗಾಗಿ ಯಾವುದನ್ನು ತಗೊಂಡರೂ ಈ ಮಾತು ಹೆಚ್ಚುಕಡಿಮೆ ಒಪ್ಪುತ್ತದೆ. ಡಬ್ಬಿ ಒಡೆದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ, ಎಲ್ಲದರಲ್ಲೂ "ಮಸ್ತ್ ಹಾರತೈತಿ" ಅಂತಲೇ ಇರುತ್ತದೆ. ಹೌದು, ಹಾರುತ್ತದೆ. ಇಷ್ಟು ದೊಡ್ಡ ರೆಕ್ಕೆಗೆ ಇಷ್ಟು ಕಡಿಮೆ ತೂಕ ಇದ್ದರೆ ಯಾರು ಹಾರಿಸಿದರೂ ಹಾರುತ್ತದೆ. ನಾನು ಕೆಲವು ವರ್ಷ ಇಟ್ಟುಕೊಂಡು ನೋಡಿದ್ದು ಬಿದ್ದ ಮೇಲೆ ಏನಾಗುತ್ತದೆ ಅನ್ನುವುದನ್ನು.

ಮೊದಲು ಜಾಗದ ಮಾತು. ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ಕಡೆ ವಿಮಾನ ನಿಲ್ದಾಣವಿದೆ, ಆ ಭಾಗದಲ್ಲಿ ಇದನ್ನು ಎತ್ತುವ ಯೋಚನೆಯನ್ನೇ ಮಾಡಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತಲಿನ 8 ಕಿ.ಮೀ. ಹಸಿರು ವಲಯವಲ್ಲ (ಹಸಿರು ಅಂದರೆ ಮುಂಗಡ ಅನುಮತಿ ಬೇಡದ ವಲಯ), 8ರಿಂದ 12 ಕಿ.ಮೀ. ನಡುವೆ ಹಸಿರು ವಲಯ 200 ಅಡಿ ಎತ್ತರದವರೆಗೆ ಮಾತ್ರ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ತೆರೆದು ನೋಡಿಕೊಂಡೇ ಹೊರಡಿ. ನಾವು ಹೋಗುವುದು ಅಣ್ಣಿಗೇರಿ ದಾಟಿ ಗದಗ ರಸ್ತೆಯ ಎರಿ ಹೊಲಗಳಿಗೆ, ಹಿಂಗಾರಿ ಜೋಳ ಕಿತ್ತು ಹೊಲ ಖಾಲಿ ಆದ ಮೇಲೆ, ಹೊಲದವರನ್ನು ಕೇಳಿಕೊಂಡು. ಜೂನ್‌ನಿಂದ ಆಗಸ್ಟ್‌ವರೆಗೆ ಬೇಡವೇ ಬೇಡ. ಆಗ ಗಾಳಿ ಜೋರು, ಗದಗ ಕಡೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿದ್ದು ಸುಮ್ಮನೆ ಅಲ್ಲ.

ಈ ಸಲ ದೊಡ್ಡ ಪೆಟ್ಟು ಬಿದ್ದದ್ದು ಅಕ್ಕನ ಮಗ ಇಳಿಸುವಾಗ. ಬದುವಿನ ಹತ್ತಿರ ಕೆಳಗೆ ಬಂದು ನಿಧಾನ ಮಾಡಿದ್ದ, ಕೊನೆಯ ತಿರುವಿನಲ್ಲಿ ಎಡ ರೆಕ್ಕೆ ಒಮ್ಮೆಲೇ ಇಳಿಯಿತು, ಮೂತಿ ಬದುವಿಗೆ ಬಡಿಯಿತು. "ಮಾಮಾ, ಸ್ಟಿಕ್ ಪೂರಾ ಎಳದಿದ್ದೆ, ಆದ್ರೂ ಕೆಳಗ ಬಂತು" ಅಂದ. ಪೂರಾ ಎಳೆದದ್ದಕ್ಕೇ ಬಂತು. ರಿಮೋಟಿನ ಸ್ಟಿಕ್ ಎಳೆದರೆ ಮೂತಿ ಮೇಲೇಳುತ್ತದೆ. ವೇಗ ಇಲ್ಲದಾಗ ಮೂತಿ ಎತ್ತಿದಷ್ಟೂ ರೆಕ್ಕೆಯ ಮೇಲಿನ ಗಾಳಿ ಬಿಟ್ಟುಹೋಗುತ್ತದೆ, ತಿರುವಿನಲ್ಲಿ ಒಂದು ಬದಿಯ ರೆಕ್ಕೆ ಮೊದಲು ಕೈಕೊಡುತ್ತದೆ. ಹೊಲದ ಹಿರಿಯರು ಬಂದು ನೋಡಿ, "ಇಷ್ಟು ರೊಕ್ಕದ ಸಾಮಾನು ಹಿಂಗ ಬೀಳಸ್ತೀರೇನ್ರಿ?" ಅಂದರು. ಉತ್ತರ ಕೊಡುವಂತಿರಲಿಲ್ಲ.

ಮೂತಿ ಜಜ್ಜಿತ್ತು, ರೆಕ್ಕೆ ಕೂರುವ ಜಾಗದ ಹಿಂದೆ ಬಾಡಿ ಬಿರಿದಿತ್ತು, ಮೋಟರಿನ ಪ್ಲಾಸ್ಟಿಕ್ ಸೀಟು ಸಡಿಲಾಗಿತ್ತು, ಎಡ ಏಲೆರಾನಿನ (ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿಯ) ಸರ್ವೋ ಹಲ್ಲು ಕಳಕೊಂಡಿತ್ತು. ಪ್ರೊಪೆಲ್ಲರಿಗೆ ಗೀರೂ ಇಲ್ಲ. ಮೋಟರು ಹಿಂದೆ, ಎತ್ತರದಲ್ಲಿ ಇರುವುದರ ಲಾಭ ಇದು. ಮೂತಿಯಲ್ಲೇ ಮೋಟರು ಇರುವ ವಿಮಾನವಾಗಿದ್ದರೆ ಪ್ರೊಪೆಲ್ಲರಿನ ಜೊತೆಗೆ ಮೋಟರಿನ ಶಾಫ್ಟೂ ಬಾಗಿರುತ್ತಿತ್ತು.

ಜಜ್ಜಿದ ಮೂತಿಗೆ ಬಿಸಿನೀರೇ ಔಷಧ. ಇಪಿಒ ಫೋಮಿನ ಕಾಳುಗಳ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಕುದಿಯುವ ನೀರು ಬಿದ್ದಾಗ ಕಾಳಿನ ಗೋಡೆ ಮೆತ್ತಗಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ತಗ್ಗು ತಾನಾಗಿ ಮೇಲೇಳುತ್ತದೆ. ಬ್ಯಾಟರಿ, ರಿಸೀವರ್, ಇಎಸ್‌ಸಿ (ಮೋಟರಿನ ವೇಗ ನೋಡಿಕೊಳ್ಳುವ ಸರ್ಕ್ಯೂಟ್) ಎಲ್ಲ ಬಿಚ್ಚಿ ತೆಗೆದಿಟ್ಟು, ಚಹಾದ ಪಾತ್ರೆಯಿಂದ ಸ್ವಲ್ಪ ಸ್ವಲ್ಪವೇ ಸುರಿದು, ಒಂದು ನಿಮಿಷ ಬಿಟ್ಟು ನೋಡಬೇಕು. ಹೆಚ್ಚಾದರೆ ಮೈ ತುಂಬ ಗುಳ್ಳೆ ಏಳುತ್ತದೆ. ರೆಕ್ಕೆಯ ತೆಳು ಅಂಚಿಗೆ ಮಾತ್ರ ಈ ಉಪಾಯ ಬೇಡ, ಸೊಟ್ಟಗಾದರೆ ಸರಿ ಮಾಡುವುದು ಕಷ್ಟ. ನಾನು ಬಚ್ಚಲಲ್ಲಿ ಇದನ್ನು ಮಾಡುತ್ತಿದ್ದಾಗ ಮನೆಯವಳು ಒಳಗಿನಿಂದ ಕೂಗಿದ್ದು: "ಅತ್ತೀ, ನಿಮ್ಮ ಮಗ ವಿಮಾನಕ್ಕ ಎರಿಯಾಕತ್ತಾರ ನೋಡ್ರಿ!"

ಬಿರುಕಿನ ವಿಷಯಕ್ಕೆ ಬಂದರೆ ಗಡಿಬಿಡಿ ಮಾಡಬಾರದು. ಮುರಿದ ಮುಖವನ್ನು ಉಜ್ಜಿ ಸಪಾಟು ಮಾಡಿದರೆ ಕೆಲಸ ಕೆಟ್ಟಿತು. ಕಾಳು ಕಾಳಿಗೆ ಹಲ್ಲು ಕೂಡಿದ ಹಾಗೆ ಕೂರುವುದರಿಂದಲೇ ಬಾಡಿ ನೆಟ್ಟಗೆ ನಿಲ್ಲುವುದು. ಮಣ್ಣು ಕೊಡವಿ, ಅಂಟು ಇಲ್ಲದೆ ಒಮ್ಮೆ ಜೋಡಿಸಿ ನೋಡಿ, ಆಮೇಲೆ ಅಂಟು. ಇಲ್ಲಿ ಫೋಮಿನ ಜಾತಿ ತಿಳಿದಿರಬೇಕು: ಥರ್ಮೋಕೋಲ್‌ಗೆ ಮತ್ತು ಡೆಪ್ರಾನ್ ಅನ್ನುವ ಹಾಳೆ ಫೋಮಿಗೆ ಸಾದಾ ಸೂಪರ್‌ಗ್ಲೂ ಬಿದ್ದರೆ ಕರಗಿ ತೂತಾಗುತ್ತದೆ, ಇಪಿಒಗೆ ಏನೂ ಆಗುವುದಿಲ್ಲ. ಕಿರಾಣಿ ಅಂಗಡಿಯ ಸಣ್ಣ ಟ್ಯೂಬೂ ನಡೆಯುತ್ತದೆ. ಆದರೆ ಅದು ಒಣಗಿದ ಮೇಲೆ ಗಾಜಿನಷ್ಟು ಗಡಸು. ಅಂಟಿದ ಜಾಗ ಗಟ್ಟಿ ನಿಂತು ಮುಂದಿನ ಪೆಟ್ಟಿಗೆ ಅದರ ಪಕ್ಕದಲ್ಲೇ ಫೋಮ್ ಬಿರಿಯುತ್ತದೆ. ಬಾಡಿಯ ಬಿರುಕಿಗೆ ನಾನು ಐದು ನಿಮಿಷದ ಎಪಾಕ್ಸಿ (ಎರಡು ಟ್ಯೂಬು ಕಲಸಿ ಹಚ್ಚುವ ಅಂಟು) ತೆಳ್ಳಗೆ ಸವರಿ, ಒಣಗುವ ತನಕ ಟೇಪು ಸುತ್ತಿ, ಆಮೇಲೆ ಹೊರಗಡೆ ಗಾಜಿನ ನಾರಿನ ಪ್ಯಾಕಿಂಗ್ ಟೇಪಿನ ಒಂದೇ ಪಟ್ಟಿ ಹಚ್ಚುತ್ತೇನೆ. ಹಾಟ್ ಗ್ಲೂ ಬೇಗ ಆಗುತ್ತದೆ ನಿಜ. ಗೆಳೆಯನೊಬ್ಬ ಅದರಲ್ಲೇ ಬಾಲ ಕೂರಿಸಿದ್ದ, ಏಪ್ರಿಲ್ ಬಿಸಿಲಿಗೆ ಕಾರಿನ ಹಿಂದಿನ ಗಾಜಿನ ಕೆಳಗೆ ಇಟ್ಟಿದ್ದಕ್ಕೆ ಅಂಟು ಮೆತ್ತಗಾಗಿ ಬಾಲ ವಾಲಿತ್ತು.

ಎಪಾಕ್ಸಿ ಸುರಿಯುವವರಿಗೆ ಒಂದು ಲೆಕ್ಕ. ಬಾಲ ಸಮತೋಲ ಬಿಂದುವಿನಿಂದ 70 ಸೆಂ.ಮೀ. ಹಿಂದಿದ್ದು, ಮೂತಿ 28 ಸೆಂ.ಮೀ. ಮುಂದಿದ್ದರೆ, ಬಾಲಕ್ಕೆ ಮೆತ್ತಿದ 10 ಗ್ರಾಂ ಅಂಟನ್ನು ಸರಿದೂಗಿಸಲು ಮೂತಿಗೆ 25 ಗ್ರಾಂ ಸೀಸ ಬೇಕು. ಒಟ್ಟು 35 ಗ್ರಾಂ ಹೆಚ್ಚಾಯಿತು. ತೂಕ ಹೆಚ್ಚಾದಷ್ಟೂ ಇಳಿಯುವ ವೇಗ ಹೆಚ್ಚು, ಪೆಟ್ಟೂ ಹೆಚ್ಚು. ರಿಪೇರಿ ಮುಗಿದ ಮೇಲೆ ಬ್ಯಾಟರಿ ಕೂರಿಸಿ, ರೆಕ್ಕೆಯ ಕೆಳಗಿನ ಸಮತೋಲದ ಗುರುತಿನ ಮೇಲೆ ಎರಡು ಬೆರಳಿಟ್ಟು ಎತ್ತಿ ನೋಡದೆ ಹಾರಿಸಬಾರದು. ಮೋಟರಿನ ಸೀಟಿಗೂ ಇದೇ ಶಿಸ್ತು: ಕೋನ ಒಂದೆರಡು ಡಿಗ್ರಿ ತಪ್ಪಿದರೂ ಥ್ರಾಟಲ್ ಕೊಟ್ಟಾಗ ಮೂತಿ ಏಳುತ್ತದೆ ಇಲ್ಲವೆ ಕುಕ್ಕುತ್ತದೆ. ಸೀಟು ಬಿಚ್ಚುವ ಮೊದಲೇ ಪಕ್ಕದಿಂದ ಮೊಬೈಲಲ್ಲಿ ಫೋಟೊ ತೆಗೆದಿಡಿ.

ಇನ್ನು ಆ ಸರ್ವೋಗಳು. ವಿಮಾನದ ಜೊತೆ ಬಂದ 9 ಗ್ರಾಂ ಸರ್ವೋಗಳ ಹಲ್ಲುಚಕ್ರ ಪ್ಲಾಸ್ಟಿಕ್ಕಿನದು. ಹುಲ್ಲಿಗೆ ಏಲೆರಾನ್ ತಾಗಿದರೂ ಒಂದು ಹಲ್ಲು ಹೋಗುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ, ಸ್ಟಿಕ್ ಆಡಿಸಿದರೆ ಒಂದು ಜಾಗದಲ್ಲಿ "ಟಕ್" ಅಂತ ಜಿಗಿಯುತ್ತದೆ. ಹಾಗೆ ಜಿಗಿಯುವ ಸರ್ವೋವನ್ನು ಗಾಳಿಯಲ್ಲಿ ನಂಬುವಂತಿಲ್ಲ. ಮಾರಿದವರಿಗೆ ಬರೆದರೆ "ಕ್ರ್ಯಾಶ್ ವಾರಂಟಿಯಲ್ಲಿ ಬರುವುದಿಲ್ಲ" ಅಂತ ಒಂದೇ ಸಾಲು ಬಂತು. ಅದು ನ್ಯಾಯವೇ. ಆದರೆ ಕಲಿಯುವವರು ಬೀಳಿಸಲೆಂದೇ ಮಾಡಿದ ವಿಮಾನಕ್ಕೆ ಇಂಥ ಸರ್ವೋ ಹಾಕುವುದು ಯಾವ ನ್ಯಾಯ? ನಾನು ನಾಲ್ಕನ್ನೂ ಎಂಜಿ90ಎಸ್ ಲೋಹದ ಹಲ್ಲಿನವಕ್ಕೆ ಬದಲಾಯಿಸಿದೆ. ಒಂದೊಂದಕ್ಕೆ ನಾಲ್ಕೈದು ಗ್ರಾಂ ತೂಕ ಹೆಚ್ಚು, ಇರಲಿ. ಬಾಗಿದ ಪುಶ್‌ರಾಡ್‌ಗೆ (ಸರ್ವೋದಿಂದ ಪಟ್ಟಿಗೆ ಹೋಗುವ ತಂತಿಗೆ) ಸೈಕಲ್ ಅಂಗಡಿಯ ಸ್ಪೋಕ್ ಸಾಕು. 2 ಮಿ.ಮೀ. ಉಕ್ಕು, ತುದಿಗೆ ತಿರುಪಿನ ಗೆರೆಯೂ ಇರುತ್ತದೆ.

ರೆಕ್ಕೆಯೊಳಗಿನ ಕಾರ್ಬನ್ ಕೊಳವೆಯನ್ನು ಪ್ರತಿ ಪೆಟ್ಟಿನ ನಂತರ ಹೊರಗೆಳೆದು ಉಗುರಿನಿಂದ ಸವರಿ ನೋಡಿ. ಉದ್ದಕ್ಕೆ ಎಳೆ ಎದ್ದಿದ್ದರೆ ಅಂಟು ಹಾಕಲು ಹೋಗದೆ ಬದಲಾಯಿಸಿ, ಕೊಯ್ಯುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಲಿಪೊ ಬ್ಯಾಟರಿಗೆ ಮೂಲೆ ಜಜ್ಜಿದ್ದರೆ ಅಥವಾ ಹೊಟ್ಟೆ ಉಬ್ಬಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಇಡಬೇಡಿ. ನೋಡಲು ಸರಿ ಇದ್ದರೂ ಬಿದ್ದ ತಕ್ಷಣ ಕಾರಿನೊಳಗೆ ಹಾಕದೆ ಅರ್ಧ ತಾಸು ಬಯಲಲ್ಲೇ ಇಟ್ಟು ಕಾಯಿರಿ. ಒಳಗಿನ ಪೆಟ್ಟು ತಡವಾಗಿ ಬೆಂಕಿಯಾಗುವುದುಂಟು.

ಕೊಳ್ಳುವವರು ವಿಮಾನದ ಜೊತೆಗೇ ಸರ್ವೋ ಎರಡು, ಕಾರ್ಬನ್ ಕೊಳವೆ ಒಂದು ತರಿಸಿಕೊಳ್ಳಿ, ಆಮೇಲೆ ಕೇಳಿದರೆ "ಸ್ಟಾಕ್ ಇಲ್ಲ" ಅನ್ನುತ್ತಾರೆ. ಚಕ್ರ ಕೂರಿಸಲೇಬೇಡಿ, ಎರಿ ಹೊಲದ ಹೆಂಟೆಗೆ ಸಿಕ್ಕಿ ಪಲ್ಟಿ ಹೊಡೆಸುವುದು ಅವೇ. ಹೊಟ್ಟೆಯ ಮೇಲೆ ಜಾರಿ ಇಳಿಯಲಿ, ಹೊಟ್ಟೆಗೆ ಟೇಪಿನ ಪಟ್ಟಿಯೊಂದು ಇದ್ದರೆ ಸಾಕು. ಸ್ಪೇರ್ ಮೋಟರಿಗೆ ದುಡ್ಡು ಹಾಕಬೇಡಿ, ನನ್ನದು ಇನ್ನೂ ಡಬ್ಬಿಯಲ್ಲಿ ಬಂದದ್ದೇ ಓಡುತ್ತಿದೆ.