ಗೆದ್ದಲು ಹುಡುಕೋದಕ್ಕೇ ಎರಡು ಗಂಟೆ, ನನ್ನ ಕಡೆಯಿಂದ ನಾಲ್ಕು ಸ್ಟಾರ್

ಸಾಗರದ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ, ಅಮ್ಮ ಒಬ್ಬರೇ ಇರುತ್ತಾರೆ. ಈ ಸಲ ಮೊದಲ ಮಳೆ ಬಿದ್ದ ಸಂಜೆ ದೇವರ ಕೋಣೆಯ ಬಾಗಿಲ ಚೌಕಟ್ಟಿನ ಸಂದಿಯಿಂದ ರೆಕ್ಕೆ ಹುಳ ಹೊರಟವು. ದೀಪ ಕಂಡು ಹೊರಗಿನಿಂದ ಬಂದವಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚೌಕಟ್ಟಿನ ಒಳಗಿಂದಲೇ ಬಂದರೆ ಒರಲೆ, ಅಂದರೆ ಗೆದ್ದಲು, ಮನೆಯಲ್ಲೇ ಸಂಸಾರ ಹೂಡಿದೆ ಅಂತಲೇ ಲೆಕ್ಕ.

ಎರಡು ವರ್ಷದ ಹಿಂದೆ ಬೇರೆ ಯಾರನ್ನೋ ಕರೆಸಿದ್ದೆ. ಗೋಡೆ ಮೇಲೆ ಕಂಡ ಮಣ್ಣಿನ ಸಾಲಿಗೆಲ್ಲ ಸ್ಪ್ರೇ ಹೊಡೆದು ಇಪ್ಪತ್ತೇ ನಿಮಿಷದಲ್ಲಿ ದುಡ್ಡು ಇಸಿದುಕೊಂಡು ಹೋದರು. ಮೂರು ದಿನ ವಾಸನೆ, ಮೂರು ತಿಂಗಳಿಗೆ ಮತ್ತೆ ಸಾಲು. ಆಗುವುದೇ ಹಾಗೆ, ಗೂಡು ನೆಲದಡಿ ಇದ್ದರೆ ಗೋಡೆ ಮೇಲಿನ ನಾಲ್ಕು ಹುಳ ಸತ್ತು ಏನು ಪ್ರಯೋಜನ?

ಈ ಸಲ ಕರೆಸಿದ ಗೆದ್ದಲು ಮದ್ದಿನವರು ಮೊದಲ ದಿನ ಮದ್ದಿನ ಕ್ಯಾನನ್ನು ಗಾಡಿಯಿಂದ ಇಳಿಸಲೇ ಇಲ್ಲ. ಬಂದವರ ಕೈಯಲ್ಲಿ ಇದ್ದದ್ದು ಟಾರ್ಚು, ಸ್ಕ್ರೂಡ್ರೈವರು, ತೇವ ನೋಡುವ ಮೀಟರು. ಮೊದಲ ಪ್ರಶ್ನೆಯೇ "ಅಮ್ಮಾ, ಬಾವಿ ಎಲ್ಲಿದೆ?" ಅಂತ. ಆಮೇಲೆ ಒಂದು ಹಾಳೆ ಮೇಲೆ ಮನೆಯ ನಕ್ಷೆ ಗೀಚಿಕೊಂಡು ಒಂದೊಂದೇ ಚೌಕಟ್ಟು, ಕಂಬ, ಪಕಾಸಿ ಕುಟ್ಟುತ್ತಾ ಹೋದರು, ಟೊಳ್ಳು ಸದ್ದು ಬಂದಲ್ಲೆಲ್ಲ ಗುರುತು. ಬಚ್ಚಲ ಹಿಂದಿನ ಗೋಡೆಯಲ್ಲಿ ಪೈಪು ಸೋರುತ್ತಿರುವುದು ಅವರು ಹೇಳುವವರೆಗೆ ನಮಗೆ ಗೊತ್ತೇ ಇರಲಿಲ್ಲ, ಒರಲೆಯ ಹೆದ್ದಾರಿ ಅದೇ ಅಂತೆ. ಎರಡು ಕಡೆ ಮಣ್ಣಿನ ಸಾಲನ್ನು ಬೆರಳಗಲ ಒಡೆದು ಹಾಗೇ ಬಿಟ್ಟರು. ಮೂರನೇ ದಿನಕ್ಕೆ ಒಂದು ಕಡೆ ಮತ್ತೆ ಕಟ್ಟಿತ್ತು, ಇನ್ನೊಂದು ಹಾಗೇ ಇತ್ತು, ಅಂದರೆ ಅದು ಹಳೇ ಸಾಲು.

ನನಗೆ ತುಂಬಾ ಇಷ್ಟವಾದದ್ದು ಅಡುಗೆಮನೆ ಕಪಾಟಿನ ವಿಷಯ. ಅಲ್ಲಿ ದಿನಾ ಪುಡಿ ಉದುರುತ್ತಿತ್ತು, ನಾವು ಅದೂ ಒರಲೆ ಅಂದುಕೊಂಡಿದ್ದೆವು. ಪುಡಿಯನ್ನು ಅಂಗೈಗೆ ಹಾಕಿ ತಿಕ್ಕಿ ನೋಡಿ "ಇದು ಕುಟ್ಟೆ" ಅಂದರು, ಅಂದರೆ ಗೆದ್ದಲಲ್ಲ, ಮರ ಕೊರೆಯುವ ಬೇರೆ ಹುಳ. ಸೂಜಿ ತೂತು, ಮೈದಾ ಹಿಟ್ಟಿನಂಥ ನುಣ್ಣನೆ ಪುಡಿ ಇದ್ದರೆ ಕುಟ್ಟೆ. ಗಸಗಸೆ ಥರ ಕಾಳು ಬಿದ್ದಿದ್ದರೆ ಒಣಮರದ ಗೆದ್ದಲು. ಮಣ್ಣು ಮೆತ್ತಿದ್ದರೆ ನೆಲದಿಂದ ಬಂದದ್ದು. ಕಪಾಟಿಗೂ ನೆಲ ಕೊರೆದು ದುಡ್ಡು ಮಾಡಬಹುದಿತ್ತು, ಮಾಡಲಿಲ್ಲ. ಹಲಗೆ ಬಿಚ್ಚಿ ಬೇರೆ ಮದ್ದು ಹಚ್ಚಿಸಿ ಅಂದರು, ಅಷ್ಟೇ.

ಅಂಗಳದ ಹುತ್ತ ಒಡೆಯೋಣ ಅಂದಾಗ ಮಾತ್ರ ಅಮ್ಮ ಅಡ್ಡ ಬಂದರು. "ಅದೊಂದು ಮುಟ್ಟಬೇಡ ಮಾರಾಯಾ, ನಾಗರ ಪಂಚಮಿಗೆ ಹಾಲು ಎರೆಯುತ್ತೇವೆ." ವಾದ ಮಾಡಲಿಲ್ಲ ಪುಣ್ಯಾತ್ಮ. ಗೋಡೆ ಪಕ್ಕ ಕಾಲುವೆ ತೋಡಿ ಅಲ್ಲಿ ಮದ್ದು ಕಟ್ಟಿದರು.

ಮದ್ದು ಇಮಿಡಾಕ್ಲೋಪ್ರಿಡ್ 30.5%, ಲೀಟರ್ ನೀರಿಗೆ 2.1 ಮಿ.ಲೀ., ಡಬ್ಬಿ ನಮ್ಮೆದುರೇ ಒಡೆದರು. ಇದರ ಇರವು ಗೆದ್ದಲಿಗೆ ಗೊತ್ತಾಗುವುದಿಲ್ಲವಂತೆ, ಅದರಲ್ಲೇ ಓಡಾಡಿ ಮೈಗೆ ಅಂಟಿಸಿಕೊಂಡು ಗೂಡಿಗೆ ಹೋಗುತ್ತವೆ. ಗೋಡೆ ಬುಡದಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು, ಒಂದೊಂದಕ್ಕೂ ಲೀಟರಿನಷ್ಟು ಮದ್ದು. ಮದ್ದು ನೀರಿಗೆ ಇಳಿಯಬಾರದು ಅಂತ ಬಾವಿ ಕಡೆಯ ಗೋಡೆಗೆ ಹಾಕಲೇ ಇಲ್ಲ, ಆ ಕಡೆ ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ.

ಇನ್ನು ಬೈಗುಳ. ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದರು, ಫೋನೂ ಇಲ್ಲ. ಕೆಂಪು ನೆಲದ ತೂತುಗಳಿಗೆ ಬಿಳಿ ಸಿಮೆಂಟು ಮೆತ್ತಿ ಹೋಗಿದ್ದಾರೆ, ಜಗುಲಿ ಉದ್ದಕ್ಕೂ ರಂಗೋಲಿ ಚುಕ್ಕಿ ಇಟ್ಟ ಹಾಗೆ ಕಾಣುತ್ತಿದೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೇ. ಕೆಂಪು ಬಣ್ಣ ಕಲಸಿ ಸರಿ ಮಾಡಿಕೊಡುತ್ತೇವೆ ಅಂದಿದ್ದಾರೆ, ಬಂದರೆ ಇಲ್ಲೇ ಬರೆಯುತ್ತೇನೆ.