ಕಾಲೇಜ್ ಟೀಮ್ ಜರ್ಸಿನಾ, ಪ್ಲೇನ್ ಜರ್ಸಿನಾ? ಕಾರವಾರ ಕಡೆ ಮಾರೋರಿಗೆ

ಡಿಸ್ಕೌಂಟಲ್ಲಿ ಸಿಗೋ ಕಾಲೇಜ್ ಟೀಮ್ ಜರ್ಸಿ ತಗೊಂಡು ಮಾರೋದಾ, ಇಲ್ಲಾ ತಿರುಪ್ಪೂರಿಂದ ಪ್ಲೇನ್ ಮಾಲು ತರಿಸೋದಾ ಅಂತ ಯೋಚ್ನೆ ಮಾಡ್ತಿದ್ರೆ ನನ್ ಓಟು ಪ್ಲೇನಿಗೇ. ಕಾಲೇಜಿಂದು ರೇಟು ಕಮ್ಮಿ ಹೌದು, ಆದ್ರೆ ತಗೊಳ್ಳೋದು ಅದೇ ಕಾಲೇಜಿನ ಹುಡುಗ್ರು, ಹಳೇ ವಿದ್ಯಾರ್ಥಿಗಳು ಅಷ್ಟೇ, ಕಾರವಾರದ ಕಾಲೇಜಿನ ಹೆಸ್ರಿರೋದನ್ನ ಶಿರಸಿಲಿ ಯಾರು ಹಾಕ್ತಾರೆ ಹೇಳಿ, ಅದ್ರಲ್ಲೂ ಕೊನೆಗೆ ಉಳಿಯೋದು ಯಾರಿಗೂ ಆಗದಿರೋ ಸೈಜುಗಳೇ. ಆ ಕಾಲೇಜಿನ ಗೇಟ್ ಎದುರೇ ಅಂಗಡಿ ಇದ್ರೆ ಮಾತ್ರ ಒಂದಿಷ್ಟು ತಗೊಳ್ಳಿ.

ಪ್ಲೇನಿಗೆ ಬಂಡವಾಳ ಜಾಸ್ತಿ ಬೇಕು, ಆದ್ರೆ ವಾಲಿಬಾಲ್, ಕಬಡ್ಡಿ ಟೂರ್ನಮೆಂಟ್ ಯಾವ ಊರಲ್ಲಿ ನಡೆದ್ರೂ ಅವ್ರ ಹೆಸ್ರು, ನಂಬರ್ ಹಾಕ್ಸಿ ಕೊಡಬಹುದು. ತಿಳಿ ಬಣ್ಣದ ಪಾಲಿಯೆಸ್ಟರೇ ತರ್ಸಿ, ನಮ್ ಕರಾವಳಿ ಸೆಕೆಗೆ ಕಾಟನ್‌ಗಿಂತ ಬೇಗ ಒಣಗುತ್ತೆ, ಸಬ್ಲಿಮೇಷನ್ ಪ್ರಿಂಟೂ (ಬಿಸಿ ಒತ್ತಿ ಬಣ್ಣನ ಬಟ್ಟೆ ಒಳಗೇ ಇಳಿಸೋದು) ಅದ್ರ ಮೇಲೇ ಚೆನ್ನಾಗಿ ಕೂರೋದು, ಸಿಪ್ಪೆ ಥರ ಏಳಲ್ಲ. ಮೊದ್ಲು ಆರ್ಡರ್, ಅಡ್ವಾನ್ಸ್ ತಗೊಂಡೇ ಮಾಲು ತರ್ಸಿ.