ಟೈಮ್‌ಶೇರ್ ವಾರವನ್ನು ಪಾಯಿಂಟ್‌ಗೆ ಬದಲಿಸಿಕೊಳ್ಳಿ ಎನ್ನುತ್ತಿದ್ದಾರೆಯೇ? ಸಹಿ ಹಾಕುವ ಮುನ್ನ ಇದನ್ನು ಓದಿ

ನಿಮ್ಮ ಬಳಿ ಟೈಮ್‌ಶೇರ್ ವಾರ (ರೆಸಾರ್ಟಿನ ಮನೆಯೊಂದರಲ್ಲಿ ಪ್ರತಿ ವರ್ಷ ಒಂದು ವಾರ ಇರಲು ಹಣ ಕೊಟ್ಟು ಕೊಂಡ ಹಕ್ಕು) ಇದ್ದು, ಅದನ್ನು ಪಾಯಿಂಟ್ ಪದ್ಧತಿಗೆ (ವಾರದ ಬದಲು ವರ್ಷಕ್ಕಿಷ್ಟು ಪಾಯಿಂಟ್, ಅದರಲ್ಲೇ ಕೋಣೆ ಕಾಯ್ದಿರಿಸಬೇಕು) ಬದಲಿಸಿಕೊಡುತ್ತೇವೆ ಬನ್ನಿ ಎಂದು ಹೋಟೆಲಿಗೆ ಕರೆದಿದ್ದಾರೆಯೇ? ಹೋಗಬೇಡಿ. ಹೋಗಲೇಬೇಕೆಂದಿದ್ದರೆ ಕಾರ್ಡ್, ಚೆಕ್ ಪುಸ್ತಕ ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗಿ. ನಾನು ಕಾರ್ಡ್ ತೆಗೆದುಕೊಂಡು ಹೋದೆ. 1,59,300 ರೂಪಾಯಿ ಕೊಟ್ಟು, ಇಪ್ಪತ್ತೊಂದು ವರ್ಷ ನಮ್ಮದಾಗಿದ್ದ ವಾರವನ್ನು ಕೈಯಾರೆ ಕಳೆದುಕೊಂಡು ಬಂದೆ. ಹಣ ಕೊಟ್ಟು ಕಳೆದುಕೊಂಡೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬರೆಯಲು ನಾಚಿಕೆಯಾಗುತ್ತದೆ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತವಳು ನಾನು. ಫಾರಂ ಓದದೆ ಸಹಿ ಹಾಕಲು ಬಂದ ಎಷ್ಟು ಜನರ ಕೈ ತಡೆದು "ಮೊದಲು ಓದಿ ನೋಡಿ" ಎಂದಿದ್ದೇನೋ ಲೆಕ್ಕವಿಲ್ಲ. ಅಂಥವಳು ಓದದೆ ಸಹಿ ಹಾಕಿದೆ. ಆರು ತಿಂಗಳು ಅಕ್ಕತಂಗಿಯರಿಗೂ ಹೇಳಿರಲಿಲ್ಲ. ಈಗ ಅದೇ ಕಂಪನಿಯವರು ನಮ್ಮ ಬಡಾವಣೆಯ ಇನ್ನೊಬ್ಬರಿಗೆ ಫೋನ್ ಮಾಡಿದ್ದಾರೆ ಎಂದು ತಿಳಿಯಿತು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ವಾರ ಊಟಿಯದು. 2003ರಲ್ಲಿ ಕೊಂಡದ್ದು. ವರ್ಷದ 20ನೇ ವಾರ, ಅಂದರೆ ಮೇ ತಿಂಗಳ ನಡುಭಾಗ. ಸಸ್ಯೋದ್ಯಾನದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತು, ನಮ್ಮ ಕಡೆ ಶಾಲೆಗಳಿಗೆ ಬೇಸಿಗೆ ರಜೆ. ಒಂದು ಮಲಗುವ ಕೋಣೆ, ಒಂದು ಹಾಲ್, ಒಲೆ ಕುಕ್ಕರ್ ಇರುವ ಪುಟ್ಟ ಅಡುಗೆಮನೆ. ಬೆಳಿಗ್ಗೆ ಆರಕ್ಕೆ ಬಂಡೀಪುರದ ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರುವಂತೆ ಮೈಸೂರು ಬಿಡುತ್ತಿದ್ದೆವು. ಅಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲ ಡಿಕ್ಕಿಯಲ್ಲಿ. ಕೊರೋನಾದ ಎರಡು ವರ್ಷ ಬಿಟ್ಟರೆ, 2011ರಲ್ಲಿ ಒಮ್ಮೆ ನಮ್ಮ ವಾರವನ್ನು ವಿನಿಮಯಕ್ಕೆ ಕೊಟ್ಟು ಗೋವಾಕ್ಕೆ ಹೋದದ್ದು ಬಿಟ್ಟರೆ, ಒಂದು ವರ್ಷವೂ ತಪ್ಪಿಸಿಲ್ಲ. ಆ ಗೋವಾದ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ.

2024ರ ಸೆಪ್ಟೆಂಬರ್ 15, ಭಾನುವಾರ. ಮೈಸೂರಿನ ಒಂದು ಹೋಟೆಲಿನಲ್ಲಿ "ಹಳೆಯ ಸದಸ್ಯರಿಗೆ ಸನ್ಮಾನ, ಐವತ್ತು ನಿಮಿಷದ ಮಾಹಿತಿ, ನಂತರ ಊಟ" ಎಂದು ಕರೆದರು. ಐವತ್ತು ನಿಮಿಷ ನಾಲ್ಕು ಗಂಟೆಯಾಯಿತು. ಇಂಥ ಕಡೆ ಹೋದವರಿಗೆಲ್ಲ ಗೊತ್ತು: ಜೋರು ಸಂಗೀತ, ಒಂದೊಂದು ಮೇಜಿಗೆ ಒಬ್ಬೊಬ್ಬ ಹುಡುಗ, ಯಾರಾದರೂ ಸಹಿ ಹಾಕಿದರೆ ಗಂಟೆ ಬಾರಿಸಿ ಚಪ್ಪಾಳೆ. ನಮ್ಮ ಮೇಜಿಗೆ ಬಂದ ಹುಡುಗನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಬಾದಾಮಿ ಹಾಲು ತಂದುಕೊಟ್ಟ. ನನ್ನನ್ನು "ಅಮ್ಮ" ಎಂದೇ ಕರೆದ. ಪುಣೆಯಲ್ಲಿರುವ ಮಗಳ ಬಗ್ಗೆ ಕೇಳಿದ, ಮೊಮ್ಮಗನ ಹೆಸರು ಕೇಳಿ ಕಾಗದದ ಮೂಲೆಯಲ್ಲಿ ಬರೆದುಕೊಂಡ.

ಅವನು ಹೇಳಿದ್ದು ಮೂರು ಮಾತು. ಮೂರೂ ಸುಳ್ಳು. ಮೊದಲನೆಯದು, "ವಾರದ ಪದ್ಧತಿಯನ್ನೇ ಕಂಪನಿ ನಿಲ್ಲಿಸುತ್ತಿದೆ ಅಮ್ಮ, ಈಗ ಬದಲಾಯಿಸದಿದ್ದರೆ ನಿಮ್ಮ ವಾರಕ್ಕೆ ಬೆಲೆಯೇ ಇರುವುದಿಲ್ಲ." ಎರಡನೆಯದು, "ಊಟಿಗೆ ಇ-ಪಾಸ್ ಬಂದಿದೆಯಲ್ಲ, ಇನ್ನು ಮುಂದೆ ಅಲ್ಲಿಗೆ ಹೋಗುವುದೇ ಕಷ್ಟ." ಮೂರನೆಯದು, "ಪಾಯಿಂಟ್ ಇದ್ದರೆ ಊಟಿಯೂ ನಿಮ್ಮದೇ, ಜೊತೆಗೆ ಪ್ರಪಂಚವೆಲ್ಲ ನಿಮ್ಮದು."

ಇ-ಪಾಸ್ ಮಾತಿಗೆ ನಾನು ತಲೆಯಾಡಿಸಿದೆನಲ್ಲ, ಅದೇ ಸಂಕಟ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು, ನಿಜ. ಆದರೆ ಅದೇ ಮೇ ತಿಂಗಳಲ್ಲಿ ನಮ್ಮ ಕಾರಿಗೆ ಆ ಪಾಸನ್ನು ನಾನೇ ಮೊಬೈಲಿನಲ್ಲಿ ಮಾಡಿಸಿದ್ದೆ. ಕಾಸಿನ ಖರ್ಚಿಲ್ಲ, ಕುಳಿತಲ್ಲೇ ಆಯಿತು. ನಾಲ್ಕು ತಿಂಗಳ ಹಿಂದೆ ನನ್ನ ಕೈಯಿಂದಲೇ ಆದ ಕೆಲಸವನ್ನು ಅವನು ಕಷ್ಟ ಎಂದಾಗ ಹೌದು ಹೌದು ಎಂದೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಮೂರನೆಯ ಗಂಟೆಯ ಹೊತ್ತಿಗೆ ತಲೆ ಹಾಗೆ ಮಂಕಾಗಿರುತ್ತದೆ, ಅವರಿಗೆ ಬೇಕಾಗಿರುವುದೂ ಅದೇ.

ಯಜಮಾನರು ಎರಡು ಸಲ ಹೇಳಿದರು, "ಮನೆಗೆ ಹೋಗಿ ಯೋಚಿಸೋಣ, ಮಗಳನ್ನೂ ಕೇಳೋಣ" ಎಂದು. ಆಗ ಮ್ಯಾನೇಜರ್ ಬಂದ. 2,10,000 ಎಂದಿದ್ದ ಬದಲಾವಣೆ ಶುಲ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ, ನಮ್ಮ ಕಡೆ ತಿರುಗಿಸಿ, 1,35,000 ಎಂದು ತೋರಿಸಿದ. "ಇದು ಇವತ್ತಿಗೆ ಮಾತ್ರ. ಬಾಗಿಲು ದಾಟಿದರೆ ನನ್ನ ಕೈಯಲ್ಲೂ ಇರುವುದಿಲ್ಲ." ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 24,300. ಹನ್ನೆರಡು ತಿಂಗಳ ಕಂತು. ನಮಗೆ ವರ್ಷಕ್ಕೆ 60,000 ಪಾಯಿಂಟ್.

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ನಮ್ಮ ಮೇ ತಿಂಗಳ ವಾರ, ಅದೇ ಮನೆ, ಈ ಪಾಯಿಂಟಿನಲ್ಲಿ ಸಿಗುತ್ತದೆ ತಾನೇ?" ಹುಡುಗ ನಕ್ಕ. "ಅಮ್ಮ, ನಿಮ್ಮ ವಾರದಿಂದಲೇ ತಾನೇ ಈ ಪಾಯಿಂಟ್ ಬಂದಿರುವುದು? ನಿಮ್ಮದು ನಿಮಗೆ ಸಿಗದೆ ಇರುತ್ತದೆಯೇ?" ಎಂದ.

ಉತ್ತರ ಕೊಡಲಿಲ್ಲ, ಗಮನಿಸಿ. ತಿರುಗಿ ಪ್ರಶ್ನೆ ಕೇಳಿದ. ಅದು ನನಗೆ ಹೌದು ಎಂದಂತೆ ಕೇಳಿಸಿತು. ಸಹಿ ಹಾಕಿದೆ. ಗಂಟೆ ಬಾರಿಸಿದರು.

ಪಾಯಿಂಟ್ ಪಟ್ಟಿಯ ಪುಸ್ತಕ ಆ ದಿನ ಕೊಡಲಿಲ್ಲ. "ಕಿಟ್ ಮನೆಗೆ ಬರುತ್ತದೆ" ಎಂದರು. ಒಪ್ಪಂದದಲ್ಲಿ ಹತ್ತು ದಿನದೊಳಗೆ ರದ್ದು ಮಾಡಬಹುದು ಎಂಬ ಸಾಲು ಇತ್ತು. ಆ ಸಾಲು ಇದೆ ಎಂದು ನನಗೆ ತಿಳಿದದ್ದೂ ಆಮೇಲೆಯೇ. ಕಿಟ್ ಬಂದದ್ದು ಅಕ್ಟೋಬರ್ 3ರಂದು. ದಸರಾ ಉದ್ಘಾಟನೆಯ ದಿನ, ಆದ್ದರಿಂದ ತಾರೀಕು ಮರೆತಿಲ್ಲ. ಸಹಿ ಹಾಕಿ ಹದಿನೆಂಟು ದಿನ. ಹತ್ತು ದಿನದ ಗಡುವು ಮುಗಿದು ಎಂಟು ದಿನ.

ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಕುಳಿತೆ. ಊಟಿಯ ಪುಟ ತೆಗೆದೆ. ಒಂದು ಮಲಗುವ ಕೋಣೆಯ ಸಾಲು, 20ನೇ ವಾರದ ಕಂಬ. ಎರಡೂ ಸೇರುವ ಚೌಕದಲ್ಲಿ ಬೆರಳಿಟ್ಟೆ. 84,000.

ತಪ್ಪು ಸಾಲು ನೋಡಿದೆ ಎಂದುಕೊಂಡೆ. ಅಡಿಪಟ್ಟಿ ತಂದು ಸಾಲಿನ ಕೆಳಗಿಟ್ಟು ಮತ್ತೆ ನೋಡಿದೆ. 84,000. ಯಜಮಾನರನ್ನು ಕರೆದು ಅವರಿಂದ ಓದಿಸಿದೆ. 84,000. ನಮ್ಮ ವಾರ ತೆಗೆದುಕೊಂಡು ನಮಗೆ 60,000 ಕೊಟ್ಟರು. ಅದೇ ವಾರ, ಅದೇ ಮನೆ ನಮಗೆ ಬೇಕೆಂದರೆ 84,000 ಕೇಳುತ್ತಾರೆ. ಮಧ್ಯದ 24,000 ಎಲ್ಲಿಗೆ ಹೋಯಿತು? ಬೀದಿಯಲ್ಲಿ ಜಂಬದ ಚೀಲ ಕಿತ್ತುಕೊಂಡು ಹೋದರೆ ಕಳ್ಳ ಎನ್ನುತ್ತೇವೆ. ಇದಕ್ಕೆ ಏನೆನ್ನಬೇಕು?

ಪಾಯಿಂಟ್ ಕಡಿಮೆ ಬಿದ್ದರೆ ಐದು ರಾತ್ರಿ ಇದ್ದು ಬರೋಣ ಎನ್ನುವಂತೆಯೂ ಇಲ್ಲ. ಮೇ ತಿಂಗಳಲ್ಲಿ ಬಿಡಿ ದಿನ ಕೊಡುವುದಿಲ್ಲ, ಇಡೀ ವಾರವನ್ನೇ ಕಾಯ್ದಿರಿಸಬೇಕು. ಮುಂದಿನ ವರ್ಷದ ಪಾಯಿಂಟ್ ಸಾಲ ಪಡೆಯಬಹುದಂತೆ. ಹಾಗೆ ಮಾಡಿದರೆ ಮುಂದಿನ ವರ್ಷ ಕೈಯಲ್ಲಿ 36,000 ಮಾತ್ರ, ಆಗ ಎಲ್ಲಿಂದ ತರುವುದು? ಇಲ್ಲವೇ ಹಣ ಕೊಟ್ಟು ಪಾಯಿಂಟ್ ಕೊಳ್ಳಬಹುದಂತೆ. ನಮ್ಮ ಮನೆಗೆ ನಾವೇ ಮತ್ತೆ ದುಡ್ಡು ಕೊಡಬೇಕು.

ಫೋನ್ ಮಾಡಿದೆ. ಅಮ್ಮ ಎಂದು ಕರೆಯುವವರು ಯಾರೂ ಇರಲಿಲ್ಲ. ಈಗ ನಾನು "ಮೇಡಂ." ಮೊದಲ ದಿನದ ಉತ್ತರ: "ಮೇಡಂ, ಪಾಯಿಂಟ್ ಎಂದರೆ ಸ್ವಾತಂತ್ರ್ಯ, ನೀವು ಜುಲೈನಲ್ಲಿ ಹೋದರೆ ಇದೇ ಪಾಯಿಂಟಿನಲ್ಲಿ ಎರಡು ವಾರ ಸಿಗುತ್ತದೆ." ಜುಲೈನಲ್ಲಿ ಊಟಿಯ ಮಳೆ, ಚಳಿ. ಮೊಮ್ಮಗನಿಗೆ ಶಾಲೆ ತೆರೆದಿರುತ್ತದೆ. ಎರಡನೆಯ ಸಲ: "ನಿಮಗೆ ವಿವರಿಸಿದವರು ಈಗ ನಮ್ಮಲ್ಲಿ ಕೆಲಸ ಮಾಡುತ್ತಿಲ್ಲ." ಮೂರನೆಯ ಸಲ: "ಮೌಖಿಕ ಭರವಸೆಗಳಿಗೆ ಕಂಪನಿ ಹೊಣೆಯಲ್ಲ ಎಂಬ ಷರತ್ತಿಗೆ ತಾವು ಸಹಿ ಹಾಕಿದ್ದೀರಿ." ಹಾಗಾದರೆ ನಾಲ್ಕು ಗಂಟೆ ಕೂರಿಸಿ ಮಾತನಾಡಿದ್ದು ಯಾಕೆ?

ಇಮೇಲ್ ಬರೆದೆ. ಒಂಬತ್ತು ಇಮೇಲ್. ಪ್ರತಿಯೊಂದಕ್ಕೂ ದೂರಿನ ಸಂಖ್ಯೆಯೊಂದು ಬರುತ್ತಿತ್ತು, ನಾಲ್ಕು ದಿನ ಬಿಟ್ಟು "ನಿಮ್ಮ ದೂರು ಪರಿಹಾರವಾಗಿದೆ" ಎಂದೂ ಬರುತ್ತಿತ್ತು. ಏನೂ ಪರಿಹಾರವಾಗಿರಲಿಲ್ಲ. ಒಂದೇ ಒಂದು ಇಮೇಲಿನಲ್ಲಿ ನಿಜ ಹೇಳಿದರು: ಆ ರೆಸಾರ್ಟಿನ ಎಲ್ಲ ಕೆಂಪು ವಾರಗಳಿಗೂ ಸರಾಸರಿ ತೆಗೆದು 60,000 ಕೊಡುತ್ತಾರೆ, ವಾಪಸ್ ಕೊಡುವಾಗ ಮಾತ್ರ "ಬೇಡಿಕೆಗೆ ತಕ್ಕಂತೆ." ಟೈಮ್‌ಶೇರ್ ಲೆಕ್ಕದಲ್ಲಿ ಕೆಂಪು ಎಂದರೆ ಬೇಡಿಕೆ ಹೆಚ್ಚಿರುವ ವಾರ, ಬಿಳಿ ಮಧ್ಯಮ, ನೀಲಿ ಕಡಿಮೆ. ಕೊಳ್ಳುವಾಗ ಸರಾಸರಿ, ಮಾರುವಾಗ ತುಟ್ಟಿ. ನಮ್ಮಂತೆ ರಜೆಯ ವಾರ ಇಟ್ಟುಕೊಂಡವರೇ ಹೆಚ್ಚು ಕಳೆದುಕೊಳ್ಳುವುದು.

ಹಣವೂ ಬೇಡ, ನಮ್ಮ ವಾರ ವಾಪಸ್ ಕೊಡಿ ಎಂದು ಬರೆದೆ. "ನಿಮ್ಮ ವಾರ ಈಗಾಗಲೇ ಪೂಲ್‌ಗೆ (ಸದಸ್ಯರು ಬಿಟ್ಟುಕೊಟ್ಟ ವಾರಗಳ ಒಟ್ಟು ಸಂಗ್ರಹಕ್ಕೆ) ಸೇರಿದೆ. ಹಿಂತಿರುಗಿಸಲು ಅವಕಾಶವಿಲ್ಲ." ಅಷ್ಟೇ. ಕೆಳಗೆ "ಶುಭ ರಜಾದಿನಗಳು" ಎಂದು ಹಾರೈಕೆ.

ಇನ್ನು ಪ್ರಪಂಚವೆಲ್ಲ ನಮ್ಮದು ಎಂದನಲ್ಲ, ಅದರ ಕಥೆ. ವಾರಕ್ಕೆ ವಾರ ಬದಲಿಸಿಕೊಳ್ಳುವ ವಿನಿಮಯ ಪದ್ಧತಿ 1974ರಿಂದಲೇ ಇದೆ. ನಾವು 2011ರಲ್ಲಿ ಗೋವಾಕ್ಕೆ ಹೋದದ್ದು ಹಾಗೆಯೇ. ವಾರವನ್ನು ಠೇವಣಿ ಇಟ್ಟೆವು, ವಿನಿಮಯ ಶುಲ್ಕ ಕಟ್ಟಿದೆವು, ಹೋಗಿ ಬಂದೆವು, ಮರುವರ್ಷ ಊಟಿ ಮತ್ತೆ ನಮ್ಮದೇ. ಅಂದರೆ ಇವರು ಒಂದೂವರೆ ಲಕ್ಷಕ್ಕೆ ಮಾರಿದ ಸೌಲಭ್ಯ ನಮ್ಮ ಬಳಿ ಮೊದಲೇ ಇತ್ತು. ಮೊದಲೇ ಇತ್ತು! ಬಳಸಿಯೂ ಇದ್ದೆ. ಆ ಹಾಲಿನಲ್ಲಿ ಕುಳಿತಾಗ ಗೋವಾ ನೆನಪಿಗೇ ಬರಲಿಲ್ಲ.

ವಾರದ ಪದ್ಧತಿ ನಿಂತಿತೇ? ಇಲ್ಲ. ಪ್ರತಿ ಮೇ ತಿಂಗಳು ಊಟಿಯ ರೆಸಾರ್ಟಿನಲ್ಲಿ ನಮ್ಮ ಪಕ್ಕದ ಮನೆಗೆ ಬರುತ್ತಿದ್ದ ಹಾಸನದ ದಂಪತಿ ಬದಲಾಯಿಸಿಕೊಂಡಿರಲಿಲ್ಲ. 2025ರ ಮೇನಲ್ಲಿ ಅಲ್ಲಿಂದಲೇ ಫೋನ್ ಮಾಡಿದರು. "ಎಲ್ಲಿದ್ದೀರಿ ಅಕ್ಕ, ಇನ್ನೂ ಬಂದಿಲ್ಲವಲ್ಲ, ನಿಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದಾರೆ" ಎಂದರು. ನಾನು ಹುಷಾರಿಲ್ಲ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಆಮೇಲೆ ಕೋಣೆ ಕಾಯ್ದಿರಿಸುವ ಜಾಲತಾಣ ತೆರೆದು ನೋಡಿದೆ. ಅದೇ ರೆಸಾರ್ಟ್, ಅದೇ ಒಂದು ಮಲಗುವ ಕೋಣೆಯ ಮನೆ, ಅದೇ ವಾರ, ಹೊರಗಿನವರಿಗೆ ರಾತ್ರಿಗೆ 9,800 ರೂಪಾಯಿ. ಪೂಲ್‌ಗೆ ಸೇರಿದ ವಾರಗಳು ಎಲ್ಲಿಗೆ ಹೋಗುತ್ತವೆ ಎಂದು ಆವತ್ತು ಅರ್ಥವಾಯಿತು.

ಪಾಯಿಂಟ್ ಯಾರಿಗೂ ಒಗ್ಗುವುದಿಲ್ಲ ಎನ್ನಲಾರೆ. ನಿಮ್ಮದು ಬಿಳಿ ಅಥವಾ ನೀಲಿ ವಾರವಾಗಿದ್ದು, ವಾರದ ನಡುವೆ ಎರಡು ಮೂರು ದಿನ ಹೋಗಿ ಬರುವವರಾಗಿದ್ದರೆ ಲೆಕ್ಕ ಕೂಡಬಹುದು. ಆದರೆ ಒಂದೇ ಕೇಳಿ: "ನನ್ನ ವಾರಕ್ಕೆ ಎಷ್ಟು ಪಾಯಿಂಟ್ ಕೊಡುತ್ತೀರಿ, ಅದೇ ವಾರ ನನಗೆ ವಾಪಸ್ ಕೊಡಲು ಎಷ್ಟು ಕೇಳುತ್ತೀರಿ?" ಎರಡೂ ಅಂಕಿಗಳನ್ನು ಮುದ್ರಿತ ಪಟ್ಟಿಯಲ್ಲಿ ತೋರಿಸಲಿ. ಪಟ್ಟಿ ಮನೆಗೆ ಬರುತ್ತದೆ ಎಂದರೆ ಎದ್ದು ಬನ್ನಿ. ಬಾದಾಮಿ ಹಾಲು ಕುಡಿದ ಹಂಗಿಗೆ ಸಹಿ ಹಾಕಬೇಡಿ.

ಯುರೋಪಿನಲ್ಲಿ 2008ರ ನಿರ್ದೇಶನದಂತೆ ಟೈಮ್‌ಶೇರ್ ಒಪ್ಪಂದದಿಂದ 14 ದಿನದೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು, ಆ ಅವಧಿಯಲ್ಲಿ ಮುಂಗಡ ಹಣ ಪಡೆಯುವಂತೆಯೂ ಇಲ್ಲ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಅಂಥ ಕಾಯ್ದೆ ಇಲ್ಲ, ಒಪ್ಪಂದದಲ್ಲಿ ಬರೆದ ಗಡುವೇ ಗತಿ. ಸಹಿ ಹಾಕಿಬಿಟ್ಟಿದ್ದರೆ ಈ ರಾತ್ರಿಯೇ ಆ ಸಾಲು ಹುಡುಕಿ, ರದ್ದತಿ ಪತ್ರವನ್ನು ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗಡುವು ದಾಟಿದ್ದರೂ ಸುಮ್ಮನಿರಬೇಡಿ. ಗ್ರಾಹಕರ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷ ದಾಟುವುದರೊಳಗೆ ಕೊಡಬೇಕು. ನಾನು ನಾಚಿಕೆಯಲ್ಲಿ ಆರು ತಿಂಗಳು ಹಾಳು ಮಾಡಿದೆ, ನೀವು ಮಾಡಬೇಡಿ.

ನಮ್ಮ ದೂರು ಮೈಸೂರಿನ ಆಯೋಗದಲ್ಲಿ ನಡೆಯುತ್ತಿದೆ. ಪಟ್ಟಿಯ ಆ ಪುಟವನ್ನೂ 9,800 ರೂಪಾಯಿಯ ಪುಟವನ್ನೂ ಲಗತ್ತಿಸಿದ್ದೇನೆ. ರೆಸಾರ್ಟಿಗೆ ವರ್ಷವರ್ಷ ಕಟ್ಟುವ ನಿರ್ವಹಣಾ ಶುಲ್ಕದ ಈ ವರ್ಷದ ಬಿಲ್ ಮೊನ್ನೆ ಬಂತು. ಮೊದಲು 17,110 ರೂಪಾಯಿ ಬರುತ್ತಿತ್ತು, ಈಗ ಪಾಯಿಂಟ್ ಸದಸ್ಯತ್ವದ ಶುಲ್ಕ ಸೇರಿ 21,358. ಮೊದಲ ಸಾಲಿನಲ್ಲಿ ಇಪ್ಪತ್ತೊಂದು ವರ್ಷ "20ನೇ ವಾರ" ಎಂದಿರುತ್ತಿದ್ದ ಜಾಗದಲ್ಲಿ 60,000 ಎಂಬ ಅಂಕಿ ಇದೆ.